ನಾಲ್ಕು ಗೆರೆ

ಅಮ್ಮ ಎದುರಿನ ಕಚೇರಿಯೊಳಗೆ ಹೋಗಿ ಒಂದು ಗಂಟೆಯ ಮೇಲಾಗಿತ್ತು. ಸ್ಟುಡಿಯೋದ ಗಾಜಿನ ಆಚೆ ರಸ್ತೆ, ರಸ್ತೆಯ ಆಚೆ ಕಬ್ಬಿಣದ ಗೇಟು, ಗೇಟಿನಿಂದ ಬಸ್ ನಿಲ್ದಾಣದವರೆಗೆ ಗೋಡೆಗೆ ಒರಗಿ ನಿಂತ ಕ್ಯೂ. ಅವಳು ಕಂಪ್ಯೂಟರಿನ ಮುಂದೆ ಕೂತು ಯಾರದೋ ಕಿವಿಗಳನ್ನು ನೋಡುತ್ತಿದ್ದಳು. ಕಾರ್ಡಿನ ಫೋಟೋದಲ್ಲಿ ಎರಡೂ ಕಿವಿ ಕಾಣಬೇಕು, ಹಲ್ಲು ಕಾಣಬಾರದು, ಭುಜ ಸಮವಾಗಿರಬೇಕು, ಹಿಂದೆ ಬಿಳಿಯ ಪರದೆ ಬಿಟ್ಟು ಬೇರೇನೂ ಇರಬಾರದು. ಹೊರಗಿನಿಂದ ಬಂದು ಈ ಊರಿನಲ್ಲಿ ನೆಲೆಸಿದವರು ಎರಡು ವರ್ಷಕ್ಕೊಮ್ಮೆ ಕಾರ್ಡು ಹೊಸದು ಮಾಡಿಸಿಕೊಳ್ಳಬೇಕು, ಅದಕ್ಕೆ ಹೊಸ ಫೋಟೋ ಬೇಕು, ಫೋಟೋದ ಬೆನ್ನಿಗೆ ಒಪ್ಪಿಗೆ ಪಡೆದ ಸ್ಟುಡಿಯೋದ ಮೊಹರು ಬೇಕು. ಅಮ್ಮನ ಕಾರ್ಡಿನ ಅವಧಿ ಇವತ್ತಿಗೆ ಮುಗಿಯುತ್ತಿತ್ತು. ಇವತ್ತು ಹೊಸ ಕಾರ್ಡು ಕೈಗೆ ಬರದಿದ್ದರೆ ಹದಿನೈದು ದಿನದೊಳಗೆ ಊರು ಬಿಡಬೇಕು. ಬಿಟ್ಟು ಎಲ್ಲಿಗೆ ಹೋಗುತ್ತೀರಿ ಎಂದು ಅರ್ಜಿಯಲ್ಲಿ ಕೇಳಿರಲಿಲ್ಲ. ಕೇಳಿದ್ದರೆ ಬರೆಯಲು ಅಮ್ಮನ ಹತ್ತಿರ ಊರೂ ಉಳಿದಿರಲಿಲ್ಲ, ಆ ಊರಿನಲ್ಲಿ ಬಾಗಿಲು ತೆಗೆಯುವವರೂ ಉಳಿದಿರಲಿಲ್ಲ. ಪರದೆಯ ಮೇಲಿನ ಮನುಷ್ಯನ ಒಂದು ಕಿವಿ ಇನ್ನೊಂದಕ್ಕಿಂತ ತುಸು ಕೆಳಗಿತ್ತು. ಅದನ್ನು ಸರಿಮಾಡುವ ಹಾಗಿಲ್ಲ. ಮುಟ್ಟಬಹುದಾದದ್ದು ಬಣ್ಣ ಒಂದನ್ನೇ, ಅದೂ ಎರಡು ಗೆರೆಯಷ್ಟು.

ಪರದೆಯ ಬಲಗಡೆ ಏಣಿಯಂಥ ಒಂದು ಪಟ್ಟಿ ಇತ್ತು, ಅದರಲ್ಲಿ ಹತ್ತು ಗೆರೆ. ಗುಂಡನೆಯ ಚುಕ್ಕಿಯೊಂದನ್ನು ಮೌಸಿನಿಂದ ಹಿಡಿದು ಮೇಲಕ್ಕೆ ತಳ್ಳಿದರೆ ಮುಖ ಬೆಳ್ಳಗಾಗುತ್ತದೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ಯಜಮಾನರು ಹೇಳಿಕೊಟ್ಟಿದ್ದರು. "ಬಂದವರಿಗೆಲ್ಲ ಎರಡು ಗೆರೆ ಎತ್ತು. ಕೇಳೋಕೆ ಹೋಗಬೇಡ. ಎರಡು ಅಂದ್ರೆ ಮರ್ಯಾದೆ, ಮೂರು ಅಂದ್ರೆ ಮದುವೆ ಫೋಟೋ, ನಾಲ್ಕು ಅಂದ್ರೆ ಜೈಲು." ತಮ್ಮ ಮಾತಿಗೆ ತಾವೇ ನಕ್ಕು, ಕೆಮ್ಮು ಬಂದು, ನೀರು ಕುಡಿದಿದ್ದರು. ಕೆಟ್ಟವರಲ್ಲ. ಫೋಟೋಕ್ಕೆ ಬಂದವರಿಗೆ ಬಾಚಣಿಗೆ ಕೊಡುತ್ತಿದ್ದರು, ಕೊರಳಪಟ್ಟಿ ಮಾಸಿದ್ದರೆ ಗೂಟಕ್ಕೆ ನೇತುಹಾಕಿದ ಕಪ್ಪು ಕೋಟು ಕೊಡುತ್ತಿದ್ದರು. ಎಷ್ಟೋ ಸಾವಿರ ಜನ ಆ ಒಂದೇ ಕೋಟಿನಲ್ಲಿ ಕಾರ್ಡುಗಳೊಳಗೆ ಕೂತಿದ್ದಾರೆ. ಎರಡು ಗೆರೆ ಎತ್ತಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಫೋಟೋ ಕೈಗೆ ಬಂದಾಗ ಒಂದು ಗಳಿಗೆ ಹೆಚ್ಚು ನೋಡಿಕೊಳ್ಳುತ್ತಾರೆ, ಜ್ವರ ಬಿಟ್ಟವರ ಹಾಗೆ ಹಗುರಾಗಿ ಹೋಗುತ್ತಾರೆ. ಮೂರು ವರ್ಷದಲ್ಲಿ ಒಬ್ಬ ಮುದುಕ ಮಾತ್ರ ಫೋಟೋ ಮೇಜಿನ ಮೇಲಿಟ್ಟು, "ಇವನು ಯಾರಮ್ಮ? ನನ್ನ ಜಾಗದಲ್ಲಿ ಕೂತಿದ್ದಾನೆ," ಎಂದಿದ್ದ. ಅವಳು ತಲೆ ತಗ್ಗಿಸಿದ್ದಳು. ಮುದುಕ ಫೋಟೋವನ್ನು ಜೇಬಿಗೆ ಹಾಕಿಕೊಂಡು ಹೋಗಿದ್ದ.

ಅಮ್ಮನ ಫೋಟೋಕ್ಕೆ ಅವಳು ನಾಲ್ಕು ಗೆರೆ ಎತ್ತಿದ್ದಳು.

ಅಮ್ಮ ಬಂದದ್ದು ಹಿಂದಿನ ತಿಂಗಳು, ಊಟದ ಹೊತ್ತಿನಲ್ಲಿ, ಗಿರಾಕಿಯ ಹಾಗೆ. ಹಿಂದಿನ ಸಂಜೆಯೇ ಮನೆಯಲ್ಲಿ ಮಾತಾಗಿತ್ತು. "ನಿಮ್ಮ ಯಜಮಾನರು ಇರ್ತಾರಾ?" "ಇರ್ತಾರೆ." "ಹಾಗಾದ್ರೆ ನಿನ್ನ ಏನಂತ ಕರೀಲಿ?" "ಏನೂ ಕರೀಬೇಡ." ಆದರೂ ಸ್ಟೂಲಿನ ಮೇಲೆ ಕೂತ ಕೂಡಲೇ ಅಮ್ಮ, "ಹೀಗೆ ಕೂತರೆ ಆಯ್ತಾ ಮೇಡಂ?" ಎಂದಿದ್ದಳು, ಈ ಊರಿನ ಮಾತಿನಲ್ಲಿ, ತಪ್ಪಿಲ್ಲದೆ, ಅಷ್ಟನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿರಬೇಕು. ಅವಳು ಎರಡು ಬೆರಳಿನಿಂದ ಅಮ್ಮನ ಗಲ್ಲ ಎತ್ತಿದಳು. ಎಷ್ಟು ವರ್ಷವಾಗಿತ್ತೋ ಆ ಮುಖ ಮುಟ್ಟಿ. ಲಾಂಡ್ರಿಯ ಇಸ್ತ್ರಿ ಮೇಜಿನ ಹಬೆಗೆ ಹದಿಮೂರು ವರ್ಷ ಒಡ್ಡಿದ ಚರ್ಮ, ನೆನೆಸಿಟ್ಟ ಬೆರಳಿನ ತುದಿಯ ಹಾಗೆ ಮೆತ್ತಗಿತ್ತು. ಆಮೇಲೆ ಪರದೆಯ ಮೇಲೆ ಆ ಮುಖ ದೊಡ್ಡದಾಗಿ ಬಂತು. ಹಿಂದೆ ಯಜಮಾನರು ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರು. ಒಮ್ಮೆ ತಲೆ ಎತ್ತಿ ಪರದೆ ನೋಡಿ, "ಪಾಪ," ಎಂದು ಮತ್ತೆ ಡಬ್ಬಿಗೆ ತಿರುಗಿದರು. ಅಷ್ಟೇ. ಅವಳು ಮೌಸಿಗೆ ಕೈ ಹಾಕಿದಳು. ಚುಕ್ಕಿ ಹಿಡಿದು ಎರಡು ಗೆರೆ ತಳ್ಳಿದಳು. ಅಮ್ಮ ಅಮ್ಮನಾಗಿಯೇ ಇದ್ದಳು. ಮೂರು. ಕಚೇರಿಯ ಕಿಟಕಿಯಲ್ಲಿ ಕೂತ ಅಧಿಕಾರಿ ಇದನ್ನು ನೋಡಿದರೆ ದನಿ ಏರಿಸದೆ ಮಾತಾಡಿಸಿಯಾನು ಎಂದುಕೊಂಡಳು. ನಾಲ್ಕು. ಈಗ ಪರದೆಯ ಮೇಲಿದ್ದವಳು, ತಾನು ಎಂಟು ವರ್ಷದವಳಿದ್ದಾಗ ಶಾಲೆಯ ಗೇಟಿನ ಹತ್ತಿರ ಬಂದು ನಿಲ್ಲಲಿ ಎಂದು ಬಯಸಿದ್ದ ಹೆಂಗಸು. ಅಮ್ಮನ ಒಳ್ಳೆಯದಕ್ಕೆ ಮಾಡಿದೆನೋ, ಯಜಮಾನರ ಆ ಒಂದು ಮಾತನ್ನು ಅಳಿಸಲು ಮಾಡಿದೆನೋ, ಅವಳಿಗೆ ಅವತ್ತೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ. ಮೊಹರು ಒತ್ತಿ ಕೊಟ್ಟಳು. ಅಮ್ಮ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿ, "ಚೆನ್ನಾಗಿ ಬಂದಿದೆ ಮೇಡಂ," ಎಂದಳು. ಮನೆಯಲ್ಲಿ ಮಾತ್ರ, ಸಾರಿಗೆ ಸೌಟು ಹಾಕುತ್ತ, "ಸತ್ತ ನಮ್ಮ ದೊಡ್ಡಕ್ಕನ ಥರ ಕಾಣ್ತಾಳೆ," ಎಂದಿದ್ದಳು. ಕಾಣ್ತೀನಿ ಎನ್ನಲಿಲ್ಲ.

ಬಣ್ಣ ಅವಳಿಗೆ ಅಪ್ಪನದು. ಅಪ್ಪ ಬಿಟ್ಟುಹೋದದ್ದು ಅದೊಂದನ್ನೇ. ಶಾಲೆಯಲ್ಲಿ ವರ್ಷದ ಫೋಟೋ ತೆಗೆಯುವಾಗ ಫೋಟೋದವನು ಅವಳನ್ನು ತೋಳು ಹಿಡಿದು ಮುಂದಿನ ಸಾಲಿಗೆ ತಂದು ಕೂರಿಸುತ್ತಿದ್ದ, ಅವಳ ಬೀದಿಯ ಬೇರೆ ಹುಡುಗಿಯರು ಹಿಂದಿನ ಸಾಲಿನ ತುದಿಯಲ್ಲಿ ಕಣ್ಣು ಹಲ್ಲು ಮಾತ್ರವಾಗಿ ನಿಲ್ಲುತ್ತಿದ್ದರು. ಏಳನೇ ತರಗತಿಯಲ್ಲಿ ಮನೆಯವರು ಬಂದು ಸಹಿ ಹಾಕಬೇಕು ಎಂದು ಚೀಟಿ ಕೊಟ್ಟರು. ಒಂದು ಸಲ ಮರೆತೆ ಎಂದಳು, ಇನ್ನೊಂದು ಸಲ ಅಮ್ಮನಿಗೆ ಹುಷಾರಿಲ್ಲ ಎಂದಳು, ಮೂರನೇ ಚೀಟಿ ಬಂದ ಮೇಲೆ ಶಾಲೆಗೇ ಹೋಗಲಿಲ್ಲ. ಲೆಕ್ಕ ತಲೆಗೆ ಹತ್ತುವುದಿಲ್ಲ ಎಂದು ಮನೆಯಲ್ಲಿ ಹೇಳಿದಳು. ಅಮ್ಮ ನಂಬಿದಳು. ಸ್ಟುಡಿಯೋಕ್ಕೆ ಕೆಲಸ ಕೇಳಲು ಬಂದ ದಿನ ಯಜಮಾನರು ಕನ್ನಡಕ ಹಣೆಗೇರಿಸಿ, "ನೀನು ನಮ್ಮ ಕಡೆಯವಳಾ?" ಎಂದು ಕೇಳಿದ್ದರು. ಅವಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ನೆಲದ ಮೇಲೆ ಬಿದ್ದಿದ್ದ ಫೋಟೋದ ಕತ್ತರಿಸಿದ ಅಂಚುಗಳನ್ನು ನೋಡಿದಳು. "ಮಾತು ಕಮ್ಮಿ. ನಮ್ಮ ಕಡೆ ಹುಡುಗಿಯರೇ ಹಾಗೆ," ಎಂದು ಅವರು ತೀರ್ಮಾನಿಸಿಬಿಟ್ಟರು. ಅವಳ ಸ್ವಂತ ಕಾರ್ಡು ಆಗುವ ಹೊತ್ತಿಗೆ ಜಾಮೀನಿಗೆ ಅವರೇ ಸಹಿ ಹಾಕಿದರು. ಸಂಬಂಧ ಎಂಬಲ್ಲಿ ದೂರದ ನಂಟು ಎಂದೂ, ಜನ ಎಂಬಲ್ಲಿ ತಮ್ಮ ಜನದ ಹೆಸರನ್ನೂ ಬರೆದರು. ಪೆನ್ನಿನ ಮಸಿ ಒಣಗಲಿ ಎಂದು ಊದಿದರು. ಅವರ ಮುಂದೆ ಅವಳು ಬಾಯಿ ಬಿಟ್ಟು ಒಂದು ಸುಳ್ಳನ್ನೂ ಹೇಳಿರಲಿಲ್ಲ. ಸುಮ್ಮನಿದ್ದದ್ದು, ಅಷ್ಟೇ.

ಇಪ್ಪತ್ತು ಹೆಜ್ಜೆಯ ಏರ್ಪಾಡು ಶುರುವಾದದ್ದು ಆಮೇಲೆ. ಅವರ ಬೀದಿಗೂ ಊರಿನ ನಡುವಿಗೂ ಮಧ್ಯೆ ಸೇತುವೆ, ಸೇತುವೆಯ ಬಾಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಕಾರ್ಡಿನ ತಪಾಸಣೆ. ಎಲ್ಲರನ್ನೂ ನಿಲ್ಲಿಸುವುದಿಲ್ಲ, ಮುಖ ನೋಡಿ ನಿಲ್ಲಿಸುತ್ತಾರೆ. ಅವಳನ್ನು ಒಂದು ದಿನವೂ ನಿಲ್ಲಿಸಿರಲಿಲ್ಲ. ಅಮ್ಮನನ್ನು ನಿಲ್ಲಿಸದ ದಿನ ಇರಲಿಲ್ಲ. "ನೀನು ಹಿಂದೆ ಬಾ, ಒಂದು ಇಪ್ಪತ್ತು ಹೆಜ್ಜೆ," ಎಂದು ಅಮ್ಮನೇ ಹೇಳಿದ್ದಳು, ಹಾಲು ಉಕ್ಕುತ್ತೆ ನೋಡ್ಕೋ ಎನ್ನುವ ದನಿಯಲ್ಲಿ. ಅಮ್ಮ ಎದುರು ಕೋಣೆಯ ಗುಂಡಿ ಚಿಕ್ಕಮ್ಮನ ಜೊತೆ ಮುಂದೆ ನಡೆಯುತ್ತಿದ್ದಳು. ಚಿಕ್ಕಮ್ಮ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಸಂಬಂಧ ಇಲ್ಲ, ಭಾಷೆ ಒಂದೇ. ಚಿಕ್ಕಮ್ಮನ ಕಾರ್ಡು ಯಾವುದೋ ಮಳೆಯಲ್ಲಿ ನೆನೆದು ಫೋಟೋ ಕದಡಿಹೋಗಿತ್ತು. ಕಾರ್ಡಿನ ಮುಖ ತಿಳಿಯದಿದ್ದರೆ ಅದೇ ಜನದ ಇನ್ನೊಬ್ಬರು ಕಾರ್ಡು ತೋರಿಸಿ, ಇವಳೇ ಅವಳು ಎಂದು ಸಾಕ್ಷಿ ನಿಲ್ಲಬಹುದಿತ್ತು. ದಿನಾ ಬೆಳಿಗ್ಗೆ ಅಮ್ಮ ನಿಲ್ಲುತ್ತಿದ್ದಳು. "ಇವಳೇ ಸಾರ್ ಅವಳು," ಎನ್ನುತ್ತಿದ್ದಳು. "ಇವಳಲ್ಲದೆ ಇಷ್ಟು ವಟಗುಟ್ಟೋರು ಬೇರೆ ಯಾರಿದ್ದಾರೆ," ಎಂದೂ ಸೇರಿಸುತ್ತಿದ್ದಳು, ಮನೆಮಾತಿನಲ್ಲಿ, ಚಿಕ್ಕಮ್ಮನಿಗೆ ಮಾತ್ರ ಕೇಳುವಂತೆ. ಅವರಿಬ್ಬರೂ ಕೈ ಎತ್ತಿ ಮೈ ತಡವಿಸಿಕೊಂಡು ನಗುತ್ತ ನಿಂತಿರುವಾಗ ಅವಳು ಪಕ್ಕದಿಂದ ದಾಟಿ ಹೋಗುತ್ತಿದ್ದಳು, ಬ್ಯಾಗಿನಲ್ಲಿ ಏನನ್ನೋ ಹುಡುಕುತ್ತ.

ಕಚೇರಿಯ ಕಾವಲಿನವನು ರಸ್ತೆ ದಾಟಿ ಸ್ಟುಡಿಯೋಕ್ಕೆ ಬಂದದ್ದನ್ನು ಅವಳು ಗಾಜಿನಲ್ಲಿ ಮೊದಲೇ ಕಂಡಳು. ಬೇರೆ ಯಾವ ಅಂಗಡಿಗೋ ಇರಬಹುದು ಎಂದುಕೊಳ್ಳುವಷ್ಟರಲ್ಲಿ ಬಾಗಿಲು ತಳ್ಳಿದ್ದ. "ಏಳನೇ ಕಿಟಕಿಯವರು ನಿಮ್ಮಲ್ಲಿ ಯಾರನ್ನಾದ್ರೂ ಕರ್ಕೊಂಡು ಬಾ ಅಂದ್ರು. ಯಾವಳೋ ಲಾಂಡ್ರಿಯವಳ ಫೋಟೋದು ತಕರಾರು."

ಯಜಮಾನರು ಅವಳ ಕಡೆ ನೋಡಿದರು. "ಎಷ್ಟು ಎತ್ತಿದ್ದೆ?"

"ಎರಡು."

"ಹಾಗಾದ್ರೆ ಹೆದರಬೇಡ. ಬೆಳಕು ಜಾಸ್ತಿ ಇತ್ತು ಅನ್ನು. ಬೇರೇನೂ ಅನ್ನಬೇಡ. ಮೊಹರು ಹೋದರೆ ನಾನೂ ಇಲ್ಲ ನೀನೂ ಇಲ್ಲ." ಹೊರಡುವಾಗ ಮತ್ತೆ ಕರೆದು, "ಸ್ವೆಟರ್ ಹಾಕ್ಕೊಂಡು ಹೋಗು, ಒಳಗೆ ಫ್ಯಾನು ಜೋರು," ಎಂದರು.

ಇಷ್ಟು ವರ್ಷ ಎದುರಿಗೇ ಇದ್ದರೂ ಆ ಕಚೇರಿಯೊಳಗೆ ಅವಳು ಹೋದದ್ದು ಒಂದೇ ಸಲ, ತನ್ನ ಕಾರ್ಡಿಗೆಂದು. ಉದ್ದನೆಯ ಹಜಾರ, ಬೆಂಚುಗಳ ಮೇಲೆ ಜನ, ಎಲ್ಲರ ಕೈಯಲ್ಲೂ ಅವಳು ಕತ್ತರಿಸಿಕೊಟ್ಟ ಚೌಕದ ಮುಖಗಳು. ತಾನು ಎರಡೆರಡು ಗೆರೆ ಎತ್ತಿದವರು ತಮ್ಮ ತಮ್ಮ ನಿಜದ ಬಣ್ಣದಲ್ಲಿ ಸಾಲಾಗಿ ಕೂತಿದ್ದರು. ಒಬ್ಬಾಕೆ ಗುರುತು ಹಿಡಿದು ನಕ್ಕಳು. ಏಳನೇ ಕಿಟಕಿಯ ಮುಂದೆ ಅಮ್ಮ ಎರಡೂ ಕೈ ಕಲ್ಲಿನ ಮೇಲಿಟ್ಟುಕೊಂಡು ನಿಂತಿದ್ದಳು. ಇವಳನ್ನು ಕಂಡದ್ದೇ ಕೈ ತೆಗೆದು ಪಕ್ಕಕ್ಕೆ ಸರಿದಳು, ಬಸ್ಸಿನಲ್ಲಿ ಗೊತ್ತಿಲ್ಲದವರಿಗೆ ಜಾಗ ಕೊಡುವಂತೆ. "ಬನ್ನಿ ಮೇಡಂ," ಎಂದಳು.

ಕಿಟಕಿಯವನು ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ. ಫೋಟೋದ ಬೆನ್ನು ತಿರುಗಿಸಿ ತೋರಿಸಿದ. "ಇದು ನಿಮ್ಮದೇ ಮೊಹರು ತಾನೇ?"

"ಹೌದು ಸರ್."

"ಸರಿ. ಈಯಮ್ಮನ್ನ ನೋಡಿ. ಈ ಫೋಟೋ ನೋಡಿ. ನನ್ನ ಕಣ್ಣಿಗೇನಾದ್ರೂ ಪೊರೆ ಬಂದಿದೆಯಾ ಹೇಳಿ."

ಆರನೇ ಕಿಟಕಿಯ ಹೆಂಗಸು ಕುರ್ಚಿಯಿಂದಲೇ ಬಗ್ಗಿ ನೋಡಿದಳು. "ಹಬೇಲಿ ಬೇಯಿಸಿ ತೆಗೆದ ಹಾಗಿದೆ. ಲಾಂಡ್ರಿ ಅಲ್ವಾ," ಎಂದಳು. ಕಿಟಕಿಯವನು ನಗಲಿಲ್ಲ, ನಗು ಬಂದದ್ದು ಮಾತ್ರ ಕಂಡಿತು. ಅದನ್ನು ಕಂಡು ಅಮ್ಮನೂ ಸ್ವಲ್ಪ ನಕ್ಕಳು. ಆ ನಗು ಅವಳಿಗೆ ಗೊತ್ತಿತ್ತು. ಸೇತುವೆಯ ಬಾಯಲ್ಲಿ ದಿನಾ ನೋಡಿದ ನಗು.

"ಇದಕ್ಕೆ ನೀವೇನಾದ್ರೂ ಮಾಡಿದ್ದೀರಾ?" ಎಂದು ಅವನು ಕೇಳಿದ. ಅವಳಿಗೆ ನೀವು ಎನ್ನುತ್ತಿದ್ದ.

ನಾನೇ ಮಾಡಿದ್ದು ಸರ್, ನಾಲ್ಕು ಗೆರೆ. ಮಾತು ಸಿದ್ಧವಾಗಿ ನಾಲಿಗೆಯ ಮೇಲೆ ಇತ್ತು, ಬರಿದೆ ಬಾಯಿ ತೆರೆದರೆ ಸಾಕಿತ್ತು. ತೆರೆದರೆ ತಪ್ಪು ಸ್ಟುಡಿಯೋದ್ದಾಗುತ್ತದೆ, ಅಮ್ಮನದಲ್ಲ. ಅಂಥವರಿಗೆ ಹೊಸ ಫೋಟೋ ತರಲು ಮೂರು ದಿನ ಕೊಡುತ್ತಾರೆ, ಹಾಗೆ ಬಂದವರ ಫೋಟೋ ಅವಳೇ ಎಷ್ಟೋ ಸಲ ತೆಗೆದಿದ್ದಳು. ಸ್ಟುಡಿಯೋದ ಮೊಹರು ಹೋಗುತ್ತದೆ. ಯಾಕೆ ಎತ್ತಿದಿರಿ ಎನ್ನುತ್ತಾರೆ, ಈಕೆ ನಿಮಗೆ ಏನಾಗಬೇಕು ಎನ್ನುತ್ತಾರೆ, ನಿಮ್ಮ ಕಾರ್ಡು ಕೊಡಿ ಎನ್ನುತ್ತಾರೆ. ದೂರದ ನಂಟು. ಕಿಟಕಿಯ ಕಲ್ಲಿನ ಮೇಲೆ ಅಮ್ಮನ ಅಂಗೈಗಳ ಬೆವರು ಎರಡು ಗುರುತಾಗಿ ಉಳಿದಿತ್ತು. ಅದು ಅಂಚಿನಿಂದ ಒಳಕ್ಕೆ ಆರುತ್ತ ಬರುವುದನ್ನು ಅವಳು ನೋಡುತ್ತಿದ್ದಳು. ಪೂರ್ತಿ ಆರಿದ ಮೇಲೆ ಹೇಳುತ್ತೇನೆ ಎಂದುಕೊಂಡಳು. ಮೇಲೆ ಫ್ಯಾನು ತಿರುಗುತ್ತಿತ್ತು. ಬೆರಳುಗಳು ಆರಿದವು, ಅಂಗೈಯ ನಡುವೆ ಒಂದು ಬೊಟ್ಟಿನಷ್ಟು ಉಳಿಯಿತು.

"ನಂದೇ ಸಾರ್ ತಪ್ಪು," ಎಂದಳು ಅಮ್ಮ, ಈ ಊರಿನ ಮಾತನ್ನು ಒಂದೊಂದಾಗಿ ಹೆಕ್ಕಿ ಇಡುತ್ತ. "ಅವತ್ತು ಮುಖಕ್ಕೆ ಪೌಡರ್ ಹಾಕಿದ್ದೆ. ಜಾಸ್ತಿ ಹಾಕಿದ್ದೆ. ಮೇಡಂ ಬೇಡ ಅಂದ್ರು. ನಾನು ಕೇಳಲಿಲ್ಲ."

"ಪೌಡರಾ?" ಕಿಟಕಿಯವನು ಫೋಟೋವನ್ನು ಹತ್ತಿರ ಹಿಡಿದ. "ದಿನಾ ಹಾಕ್ತೀಯಾ?"

"ಹಾಕ್ತೀನಿ ಸಾರ್. ಇವತ್ತು ಗಡಿಬಿಡಿ. ಮರೆತೆ."

"ಹೌದಾ ಮೇಡಂ?"

ಬೊಟ್ಟಿನಷ್ಟು ಉಳಿದಿದ್ದದ್ದೂ ಆರಿತು. "ಹೌದು," ಎಂದಳು ಅವಳು. ಈ ಕಚೇರಿಯಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ ಸುಳ್ಳು.

ಊಟದ ಗಂಟೆಗೆ ಹತ್ತು ನಿಮಿಷವಿತ್ತು. ಕಿಟಕಿಯವನು ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡ. ತಳ್ಳಿಹಾಕಿದರೆ ಎರಡು ಪುಟ ಕಾರಣ ಬರೆಯಬೇಕು. ಒಪ್ಪಿದರೆ ಒಂದು ಸಹಿ. "ಕಾರ್ಡು ಕೊಡ್ತೀನಿ. ಆದ್ರೆ ಕೇಳಿಸ್ಕೊ. ಕಾರ್ಡಲ್ಲಿರೋ ಮುಖಾನೇ ನಿನ್ನ ಮುಖ. ಯಾರು ಎಲ್ಲಿ ಕೇಳಿದ್ರೂ ಈ ಮುಖ ತೋರಿಸಬೇಕು. ತಾಳೆ ಆಗಲಿಲ್ಲ ಅಂದ್ರೆ ಸುಳ್ಳು ಫೋಟೋ ಅಂತ ಬರೀತಾರೆ. ಆಮೇಲೆ ಹದಿನೈದು ದಿನಾನೂ ಸಿಗಲ್ಲ. ತಿಳೀತಾ?"

"ತಿಳೀತು ಸಾರ್."

ಆಮೇಲೆ ಅವನು ಹಳೆಯ ಕಾರ್ಡನ್ನೂ ಹೊಸ ಫೋಟೋವನ್ನೂ ಅಕ್ಕಪಕ್ಕ ಇಟ್ಟು ತುಟಿ ಕಚ್ಚಿದ. ಜನ ಎಂಬಲ್ಲಿ ಹಳೆಯದರಲ್ಲಿ ಒಂದು ಹೆಸರಿತ್ತು. "ಈ ಫೋಟೋ ಇಟ್ಟು ಇದೇ ಜನ ಅಂತ ಬರೆದರೆ ಮೇಲಿನವರು ನನ್ನನ್ನ ಕೇಳ್ತಾರೆ," ಎಂದು ತನಗೇ ಹೇಳಿಕೊಂಡ. ಅಮ್ಮ ತನ್ನ ಜನದ ಹೆಸರನ್ನು ಮೆಲ್ಲಗೆ ಹೇಳಿದಳು, ಅವನಿಗೆ ನೆನಪಿಸುವ ಹಾಗೆ. "ಗೊತ್ತಮ್ಮ. ಫೋಟೋ ಹಾಗೆ ಹೇಳಲ್ವಲ್ಲ," ಎಂದು ಅವನು ಬೇರೆಯ ಹೆಸರು ಬರೆದ. ಮಗಳ ಕಾರ್ಡಿನಲ್ಲಿದ್ದ ಅದೇ ಹೆಸರು. ಮೊಹರು ಬಿದ್ದ ಸದ್ದಿಗೆ ಅಮ್ಮನ ರೆಪ್ಪೆ ಹೊಡೆದುಕೊಂಡಿತು. ಇನ್ನು ಅಮ್ಮನೂ ಮಗಳೂ ಒಂದೇ ಜನ. ಅಮ್ಮ ಮಗಳು ಎಂದು ಮಾತ್ರ ಎಲ್ಲಿಯೂ ಬರೆದಿರಲಿಲ್ಲ. ಗೇಟಿನವರೆಗೆ ಇಬ್ಬರೂ ಒಬ್ಬರ ಹಿಂದೆ ಒಬ್ಬರು ಬಂದರು. ಅಲ್ಲಿ ಅಮ್ಮ ಲಾಂಡ್ರಿಯ ಕಡೆ ತಿರುಗಿಕೊಂಡಳು. ಅರ್ಧ ದಿನದ ರಜೆ ಕೇಳಿಕೊಂಡು ಬಂದಿದ್ದಳು, ಉಳಿದರ್ಧಕ್ಕೆ ತಡವಾಗುತ್ತಿತ್ತು.

ಸಂಜೆ ಗುಂಡಿ ಚಿಕ್ಕಮ್ಮ ತಾನಾಗಿಯೇ ಬಂದು ಮಂಚದ ಮೇಲೆ ಕಾಲು ಮಡಚಿ ಕೂತಳು. ಕಾರ್ಡನ್ನು ದೀಪಕ್ಕೆ ಹಿಡಿದು, ಕಣ್ಣು ಕಿರಿದು ಮಾಡಿ, ಬೆರಳಿನಲ್ಲಿ ಅಕ್ಷರ ಒತ್ತಿ ಓದಿದಳು. "ಏನಕ್ಕಾ ಇದು. ಬೆಳಿಗ್ಗೆ ನಮ್ಮವಳಾಗಿ ಹೋದೋಳು ಮಧ್ಯಾಹ್ನಕ್ಕೆ ಅವರವಳಾಗಿ ಬಂದಿದ್ದೀಯ. ನಾನು ಹನ್ನೊಂದು ವರ್ಷ ಅವರ ಅಂಗಿಗೆ ಗುಂಡಿ ಹೊಲಿದೆ, ಒಬ್ಬನೂ ಹತ್ತಿರ ಸೇರಿಸಲಿಲ್ಲ."

"ನಿನ್ನ ಬಾಯಿಗೊಂದು ಗುಂಡಿ ಹೊಲ್ಕೊ ಮೊದಲು," ಎಂದಳು ಅಮ್ಮ.

"ಹೊಲ್ಕೊಂಡ್ರೆ ನಿನಗೆ ಊಟ ಇಳಿಯಲ್ಲ. ಫೋಟೋ ಮಾತ್ರ ಚೆನ್ನಾಗಿದೆ ಕಣೇ. ಯಾರು ತೆಗೆದದ್ದು?" ಎಂದು ಚಿಕ್ಕಮ್ಮ ಅವಳ ಕಡೆ ಕಣ್ಣು ಮಿಟುಕಿಸಿದಳು. ಅವಳು ಒಲೆಯ ಕಡೆ ತಿರುಗಿ ಪಾತ್ರೆಯ ಮುಚ್ಚಳ ಎತ್ತಿದಳು. ಒಳಗೆ ನೀರು ಇನ್ನೂ ಬಿಸಿಯಾಗಿರಲಿಲ್ಲ. ಚಿಕ್ಕಮ್ಮ ಹೋದ ಮೇಲೆ ಕೋಣೆ ಮೊದಲಿಗಿಂತ ಸಣ್ಣದಾಯಿತು. ಹೇಳಬೇಕು ಎಂದುಕೊಂಡಳು. ಮಧ್ಯಾಹ್ನದಿಂದ ಎದೆಯಲ್ಲಿ ಇಟ್ಟುಕೊಂಡದ್ದನ್ನು ವಾಕ್ಯವಾಗಿ ಜೋಡಿಸಿದಳು. "ಅಮ್ಮಾ, ಎಲ್ಲರಿಗೂ ಎರಡೇ ಗೆರೆ ಎತ್ತೋದು, ನಿನಗೆ ನಾನು..."

"ನಿನ್ನ ಪೌಡರ್ ಡಬ್ಬಿ ಎಲ್ಲಿಟ್ಟಿದ್ದೀಯ?" ಎಂದು ಅಮ್ಮ ಕೇಳಿದಳು. ಕಾರ್ಡನ್ನು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿ, ಅದನ್ನೂ ತನ್ನನ್ನೂ ಸರದಿಯಲ್ಲಿ ನೋಡುತ್ತಿದ್ದಳು. "ಇಸ್ತ್ರಿ ಮೇಜಿನ ಹತ್ತಿರ ನಿಲ್ಲಲ್ಲ ಇದು. ಹಬೆಗೆ ಇಳಿದುಹೋಗುತ್ತೆ. ಮಡಚೋ ಕಡೆ ಹಾಕಿ ಅಂತ ಕೇಳಬೇಕು." ಕನ್ನಡಿಯಿಂದ ಕಣ್ಣು ತೆಗೆಯದೆ, "ಶಾಲೇಲಿ ಸಹಿಗೆ ಅಂತ ಚೀಟಿ ಕೊಟ್ಟಿದ್ರಲ್ಲ, ಮೂರೂ ನಿನ್ನ ಚೀಲದಲ್ಲಿ ಸಿಕ್ಕಿದ್ದವು," ಎಂದಳು. "ಆಗಲೇ ಯಾರಾದ್ರೂ ಪೌಡರ್ ವಿಷಯ ಹೇಳಿದ್ದಿದ್ರೆ ಹಚ್ಕೊಂಡು ಬರ್ತಿದ್ದೆ. ನೀನು ಓದ್ತಿದ್ದೆ." ದನಿಯಲ್ಲಿ ಚುಚ್ಚು ಇರಲಿಲ್ಲ. ಅವಳು ಬಹಳ ಹೊತ್ತು ಹುಡುಕಿದಳು, ಇದ್ದಿದ್ದರೆ ಹಿಡಿದುಕೊಳ್ಳಬಹುದಿತ್ತು.

ಬೆಳಿಗ್ಗೆ ಅಮ್ಮ ಕಿಟಕಿಯ ಹತ್ತಿರ ಸ್ಟೂಲು ಹಾಕಿಕೊಂಡು, ಗಲ್ಲ ಎತ್ತಿ, ಕಣ್ಣು ಮುಚ್ಚಿ ಕೂತಳು. ಅವಳು ಕಾರ್ಡನ್ನು ಎಡಗೈಯಲ್ಲಿ ಹಿಡಿದು ತನ್ನ ಮುಂಗೈಯ ಮೇಲೆ ಬಣ್ಣ ಬೆರೆಸಿ ನೋಡಿದಳು. ಮೊದಲ ಸಲ ಹಚ್ಚಿದ್ದು ಬೂದಿಯ ಹಾಗೆ ಕಂಡಿತು, ಒರೆಸಿದಳು. ಕ್ರೀಮು ಸೇರಿಸಿ ತೆಳ್ಳಗೆ ಮಾಡಿದಳು. ಹಣೆಗೆ, ಮೂಗಿನ ಪಕ್ಕಕ್ಕೆ, ಕಿವಿಯ ಹಿಂದಕ್ಕೆ, ಎರಡೂ ಕಿವಿ ಕಾಣಬೇಕು. ಒಂದು ಗೆರೆ, ಎರಡು ಗೆರೆ. ಪರದೆಯ ಮೇಲೆ ಚುಕ್ಕಿ ತಳ್ಳಿದಾಗ ಒಂದು ಉಸಿರಿನಲ್ಲಿ ಆಗಿದ್ದದ್ದು ಇಲ್ಲಿ ಒಂದು ಸಲಕ್ಕೆ ಬೆರಳಗಲದಷ್ಟೇ ಆಗುತ್ತಿತ್ತು. ಪ್ರತಿ ಸುಕ್ಕನ್ನೂ ಮುಟ್ಟಿ, ಬಿಡಿಸಿ, ಒಳಗೆ ತುಂಬಬೇಕಿತ್ತು. ಕಣ್ಣ ಕೆಳಗಿನ ಇಸ್ತ್ರಿಯ ಸುಟ್ಟ ಕಲೆ ಮುಚ್ಚಿಹೋಯಿತು. ಹುಬ್ಬಿನ ನಡುವೆ ಅಮ್ಮ ಯೋಚಿಸುವಾಗ ಬೀಳುವ ಗೆರೆ ಮುಚ್ಚಿಹೋಯಿತು. "ಕತ್ತಿಗೂ ಹಚ್ಚು," ಎಂದಳು ಅಮ್ಮ ತುಟಿ ಅಲುಗಿಸದೆ. ಕತ್ತಿಗೂ ಹಚ್ಚಿದಳು. ಡಬ್ಬಿಯಲ್ಲಿ ತಳ ಕಂಡಿತು. ಅಮ್ಮ ಕಣ್ಣು ಬಿಟ್ಟು ಮಡಿಲಲ್ಲಿದ್ದ ತನ್ನ ಕೈಗಳನ್ನು ನೋಡಿ, "ಇವು?" ಎಂದಳು.

"ಕೈ ಫೋಟೋದಲ್ಲಿ ಬರಲ್ಲ."

"ಹಾಗಾದ್ರೆ ಸರಿ."

ಚಿಕ್ಕಮ್ಮ ಬಾಗಿಲು ಬಡಿದಾಗ, "ನೀನು ಹೋಗ್ತಿರು, ಬಂದೆ," ಎಂದು ಅಮ್ಮ ಒಳಗಿನಿಂದಲೇ ಹೇಳಿದಳು. ಚಿಕ್ಕಮ್ಮ ಮೆಟ್ಟಿಲಿಳಿಯುತ್ತ, "ಮೆಲ್ಲಗೇ ಹೋಗ್ತಿರ್ತೀನಿ," ಎಂದಳು. ಬೀದಿಗೆ ಬಂದಾಗ ಅಮ್ಮ ಎಂದಿನಂತೆ ಮುಂದೆ ನಡೆದಳು, ಅವಳು ಅಂಗಡಿಯ ಹತ್ತಿರ ನಿಂತು ಎಂದಿನಂತೆ ಎಣಿಸತೊಡಗಿದಳು. ಹನ್ನೆರಡು ಎಣಿಸುವಷ್ಟರಲ್ಲಿ ಅಮ್ಮ ನಿಂತು ತಿರುಗಿದಳು. ಬೆಳಗಿನ ಬೆಳಕಿನಲ್ಲಿ ಆ ಮುಖ ಕಾರ್ಡಿನಿಂದ ಹೊರಗೆ ಬಂದಂತೆ ಇತ್ತು. ಒಂದು ಗಳಿಗೆ ಅವಳಿಗೆ ಯಾರು ತನ್ನನ್ನು ಕಾಯುತ್ತಿದ್ದಾರೆ ಎಂದೇ ತಿಳಿಯಲಿಲ್ಲ. "ಬಾ," ಎಂದಳು ಅಮ್ಮ. "ಈಗ ಜೊತೆಗೇ ಬರಬಹುದಲ್ಲ." ಅವಳು ಹೋಗಿ ಪಕ್ಕದಲ್ಲಿ ಸೇರಿದಳು. ಅಮ್ಮನ ಹೆಜ್ಜೆ ಸಣ್ಣದು ಎಂದು ಅವಳಿಗೆ ಗೊತ್ತಿರಲಿಲ್ಲ, ಹಿಂದಿನಿಂದ ನೋಡಿದಾಗ ಅದು ತಿಳಿಯುತ್ತಿರಲಿಲ್ಲ. ಅಮ್ಮ ದಾರಿಯಲ್ಲಿ ಏನೇನೋ ಮಾತಾಡಿದಳು, ಗುಸುಗುಸು ದನಿಯಲ್ಲಿ, ಸೊಪ್ಪಿನ ವಿಷಯ, ಲಾಂಡ್ರಿಯ ಮೇಸ್ತ್ರಿಯ ವಿಷಯ. ನಗಲು ಹೋಗಿ, ಕೆನ್ನೆ ಬಿರಿಯುತ್ತದೆಂದು ನೆನಪಾಗಿ, ನಿಲ್ಲಿಸಿಕೊಂಡಳು.

ಸೇತುವೆಯ ಬಾಯಲ್ಲಿ ಚಿಕ್ಕಮ್ಮನನ್ನು ನಿಲ್ಲಿಸಿಕೊಂಡಿದ್ದರು. ಕಾವಲಿನ ಹೊಸಬ ಕದಡಿದ ಕಾರ್ಡನ್ನು ಆಚೀಚೆ ತಿರುಗಿಸುತ್ತಿದ್ದ. ಅಮ್ಮ ಕಾರ್ಡು ಕೈಯಲ್ಲಿ ಹಿಡಿದು ಎಂದಿನ ಹಾಗೆ ತೋಳು ಅರ್ಧ ಎತ್ತಿದಳು, ಮೈ ತಡವಿಸಿಕೊಳ್ಳಲು. ಇನ್ನೊಬ್ಬ ಕಾವಲಿನವನು ಅಮ್ಮ ಮಗಳಿಬ್ಬರ ಮುಖವನ್ನೂ ಒಮ್ಮೆ ನೋಡಿ, "ಹೋಗಿ ಅಕ್ಕ, ನೀವು ಹೋಗಿ," ಎಂದು ದಾರಿ ಬಿಟ್ಟ. ಅಮ್ಮನ ತೋಳು ಅಲ್ಲಿಯೇ ನಿಂತಿತು, ಆಮೇಲೆ ಕೆಳಗಿಳಿಯಿತು.

"ಅಗೋ, ಬಂದ್ಲಲ್ಲ," ಎಂದಳು ಚಿಕ್ಕಮ್ಮ ನಗುತ್ತ. "ಅವಳನ್ನ ಕೇಳಿ ಸಾರ್. ಅಕ್ಕಾ, ಹೇಳೇ, ನಾನೇ ಅಲ್ವಾ ನಾನು."

ಅಮ್ಮ ನಿಲ್ಲಲಿಲ್ಲ. ಸೇತುವೆಯ ಮೇಲೆ ಗಾಳಿ ಇತ್ತು, ಆದರೂ ಅಮ್ಮನ ಕಿವಿಯ ಹಿಂದೆ ಒಂದು ಹನಿ ಮೂಡಿ, ಕತ್ತಿನ ಬಣ್ಣವನ್ನು ಎರಡು ಮಾಡುತ್ತ ಇಳಿಯತೊಡಗಿತ್ತು. ಹಿಂದಿನಿಂದ, "ಅಕ್ಕಾ," ಎಂದು ಮತ್ತೊಮ್ಮೆ ಕೇಳಿತು, ಈ ಸಲ ನಗು ಇರಲಿಲ್ಲ. "ಯಾರು ಅಕ್ಕ? ಅವರಾ?" ಎಂದು ಹೊಸಬ ಕೇಳುವುದೂ ಕೇಳಿಸಿತು. ಅಮ್ಮ ಬ್ಯಾಗಿನೊಳಗೆ ಬಗ್ಗಿ ಏನನ್ನೋ ಹುಡುಕುತ್ತ ನಡೆದಳು. ಬ್ಯಾಗಿನಲ್ಲಿ ಬುತ್ತಿ ಬಿಟ್ಟು ಏನೂ ಇರಲಿಲ್ಲ. ಹುಡುಕುವ ಆ ರೀತಿ, ಬಲಗೈ ಒಳಗೆ, ತಲೆ ತುಸು ಎಡಕ್ಕೆ, ಅದು ಮಗಳದೇ. ತಿರುಗಿಯೂ ನೋಡದ ಅಮ್ಮ ಅದನ್ನು ಯಾವಾಗ ಕಲಿತಳೋ.

"ನಡಿ," ಎಂದು ಅಮ್ಮ ಅವಳ ಮುಂಗೈ ಹಿಡಿದುಕೊಂಡಳು. ಬಿಗಿಯಾಗಿ ಹಿಡಿದಳು. ಸುಟ್ಟ ಗುರುತುಗಳ, ಉಗುರಿನ ಸುತ್ತ ಬಿರಿದ, ಕಪ್ಪನೆಯ ಕೈ. ಎದುರಿನಿಂದ ಇಬ್ಬರು ಬರುತ್ತಿದ್ದರು. ಅವಳು ಸ್ವೆಟರಿನ ತೋಳನ್ನು ಮೆಲ್ಲಗೆ ಕೆಳಕ್ಕೆ ಎಳೆದು ಅಮ್ಮನ ಕೈಯನ್ನು ಮುಚ್ಚಿದಳು.